ಪದ ಪರಿಚಯ: ಕಾರ್ಯತಂತ್ರದ ಮಾನವ ಸಂಪನ್ಮೂಲ ನಿರ್ವಹಣೆ

ಹೆಸರು ಉದ್ದ, ವಿಷಯ ಸರಳ. ಸಂಸ್ಥೆ ಮುಂದೆ ಎತ್ತ ಹೋಗಬೇಕು ಅಂತ ಮೊದಲು ತೀರ್ಮಾನಿಸುವುದು. ಆಮೇಲೆ ಅದಕ್ಕೆ ತಕ್ಕ ಜನರನ್ನು ತರುವುದು, ಬೆಳೆಸುವುದು, ಉಳಿಸಿಕೊಳ್ಳುವುದು. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳ ಅಧ್ಯಯನದಿಂದ ಬೆಳೆದ ಮಾತಿದು. ನನಗನಿಸುವಂತೆ, ಕಂಪನಿಗಳಿಗಿಂತ ವಿಶ್ವವಿದ್ಯಾಲಯಗಳಿಗೇ ಇದು ಜಾಸ್ತಿ ಬೇಕು.

ಸೇವಾ ಪುಸ್ತಕ, ರಜೆ, ಬಡ್ತಿ, ಮೀಸಲಾತಿಯ ಸರದಿ ಪಟ್ಟಿಯಾದ ರೋಸ್ಟರ್, ಪಿಂಚಣಿ ಇವೆಲ್ಲ ಸಿಬ್ಬಂದಿ ಆಡಳಿತ. ಅದಿಲ್ಲದೆ ಯಾವ ವಿಶ್ವವಿದ್ಯಾಲಯವೂ ನಡೆಯದು. ಆದರೆ ಅಲ್ಲಿ ಏಳುವ ಪ್ರಶ್ನೆ ‘ಯಾವ ಹುದ್ದೆ ಖಾಲಿ ಇದೆ?’ ಎಂಬುದು. ಕಾರ್ಯತಂತ್ರದ ಪ್ರಶ್ನೆಯೇ ಬೇರೆ: ‘ಹತ್ತು ವರ್ಷದ ನಂತರ ಇಲ್ಲಿ ಏನು ಕಲಿಸಬೇಕು, ಯಾರು ಕಲಿಸುತ್ತಾರೆ?’

ಧಾರವಾಡದ ಒಂದು ವಿಭಾಗವನ್ನೇ ಊಹಿಸಿಕೊಳ್ಳಿ. ಪ್ರಾಧ್ಯಾಪಕರೊಬ್ಬರ ನಿವೃತ್ತಿ ಹತ್ತಿರ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌.ಡಿ. ನಿಯಮದಂತೆ, ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅಂದರೆ ಕಡತದಲ್ಲಿ ಹುದ್ದೆ ಖಾಲಿಯಾಗುವುದು ಬೀಳ್ಕೊಡುಗೆಯ ದಿನ. ಹೊಸ ಸಂಶೋಧನಾರ್ಥಿಗಳ ಮಟ್ಟಿಗೆ ಅದು ಮೂರು ವರ್ಷ ಮೊದಲೇ ಖಾಲಿ, ಅಲ್ವಾ? ಅವರ ಜಾಗಕ್ಕೆ ಬರುವವರು ಅವರಿರುವಾಗಲೇ ಬಂದರೆ ಒಳ್ಳೆಯದು. ಸರ್ಕಾರದ ಮಂಜೂರಾತಿ, ಹಣಕಾಸು ಇಲಾಖೆಯ ಒಪ್ಪಿಗೆ ತಡವಾಗುತ್ತವೆ, ನಿಜ. ತಡವಾಗುತ್ತದೆಂದು ಗೊತ್ತಿರುವುದಕ್ಕೇ ಬೇಡಿಕೆ ಬೇಗ ಹೋಗಬೇಕು.

ಇಲ್ಲದಿದ್ದರೆ ಅತಿಥಿ ಉಪನ್ಯಾಸಕರೇ ಗತಿ. ಗುತ್ತಿಗೆಯ ನೇಮಕ ಒಟ್ಟು ಬೋಧಕ ಹುದ್ದೆಗಳ ಶೇ 10 ಮೀರಬಾರದು ಎನ್ನುತ್ತದೆ ಯುಜಿಸಿಯ 2018ರ ನಿಯಮ. ವರ್ಷ ವರ್ಷವೂ ಮುಂದಿನ ಆದೇಶಕ್ಕೆ ಕಾಯುವವರು ದೀರ್ಘ ಸಂಶೋಧನೆಗೆ ಕೈಹಾಕುವುದಾದರೂ ಹೇಗೆ? ಅವರನ್ನು ಸುಮ್ನೆ ತರಗತಿ ತುಂಬಿಸುವವರೆಂದು ನೋಡುವುದು ನನಗೆ ತೀರಾ ನೋವಿನ ಸಂಗತಿ.

ಇನ್ನೊಂದು ಉದಾಹರಣೆ ನೋಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ದೊಡ್ಡಾಟದ ಹಿರಿಯ ಕಲಾವಿದರಿಗೆ ಪದವಿ ಇರಲಿಕ್ಕಿಲ್ಲ, ವಿದ್ಯೆ ಇರುತ್ತದೆ. ಅಂಥವರಿಗೂ ಒದಗುವಂತೆ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ತೆರೆಯಿತು. ಪದವಿ ಕಡ್ಡಾಯವಲ್ಲ, ತಮ್ಮ ಕ್ಷೇತ್ರದಲ್ಲಿ 15 ವರ್ಷದ ಅನುಭವ ಬೇಕು. ಅವಧಿ ಮಾತ್ರ ಹೆಚ್ಚೆಂದರೆ 4 ವರ್ಷ. ಹಾಗಾಗಿ ಆ ಕಲಾವಿದರು ಬಂದ ಮೊದಲ ದಿನದಿಂದಲೇ ಖಾಯಂ ಅಧ್ಯಾಪಕರೊಬ್ಬರು ಅವರ ಪಕ್ಕದಲ್ಲಿದ್ದು ಹಾಡು, ಕುಣಿತ, ಮಾತು ಎಲ್ಲವನ್ನೂ ಕಲಿಯಬೇಕು.