ವಿಮೋಚನೆ: ಬೆಲೆ ತೆತ್ತು ಬಿಡಿಸಿಕೊಳ್ಳುವುದು

ಕ್ರೈಸ್ತ ಬೋಧನೆಯಲ್ಲಿ ವಿಮೋಚನೆ ಎಂದರೆ ಬೆಲೆ ತೆತ್ತು ಬಿಡಿಸಿಕೊಳ್ಳುವುದು. ಪಾಪಕ್ಷಮೆ ಇದರೊಳಗೇ ಬರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಕ್ಷಮೆ ಸಿಕ್ಕಾಗ ತಪ್ಪು ಮನ್ನಾ ಆಗುತ್ತದೆ. ವಿಮೋಚನೆಯಾದಾಗ ಇನ್ನೊಬ್ಬರ ವಶದಲ್ಲಿದ್ದವನು ತನ್ನವರ ಬಳಿಗೆ ಮರಳುತ್ತಾನೆ.

ಇದರ ಬೇರು ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಜಮೀನು ಕಾನೂನಿನಲ್ಲಿದೆ. ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರ ಬಡತನದಿಂದ ಹೊಲ ಮಾರಿದವನ ಪರವಾಗಿ ಅವನ ಹತ್ತಿರದ ಬಂಧು ಅದನ್ನು ಬಿಡಿಸಿಕೊಡಬೇಕು. ಗತಿಯಿಲ್ಲದೆ ಪರದೇಶದವನಿಗೆ ತನ್ನನ್ನೇ ಮಾರಿಕೊಂಡವನನ್ನು ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು, ಅವರ ಮಕ್ಕಳು ಬಿಡಿಸಬಹುದು. ಕೈಯಲ್ಲಿ ಹಣ ಕೂಡಿದರೆ ಅವನೇ ಬಿಡಿಸಿಕೊಳ್ಳಬಹುದು. ಬೆಲೆಯ ಲೆಕ್ಕವೂ ಅಲ್ಲೇ ಇದೆ. 50ನೇ ವರ್ಷವಾದ ಜೂಬಿಲಿ ಸಂವತ್ಸರದಲ್ಲಿ ಹೊಲ ತಾನಾಗಿಯೇ ಮೂಲದವನಿಗೆ ಸೇರುತ್ತದೆ. ಹಾಗಾಗಿ ಮಾರುವುದು ಅಲ್ಲಿಯವರೆಗಿನ ಬೆಳೆಯನ್ನಷ್ಟೇ. ಉದಾಹರಣೆಗೆ, ಜೂಬಿಲಿಗೆ 40 ವರ್ಷ ಇರುವಾಗ 40 ಶೆಕೆಲಿಗೆ (ಅಂದಿನ ಬೆಳ್ಳಿಯ ತೂಕ) ಕೊಟ್ಟ ಹೊಲವನ್ನು 30 ವರ್ಷ ಕಳೆದ ಮೇಲೆ 10 ಶೆಕೆಲ್ ಕೊಟ್ಟು ಬಿಡಿಸಬಹುದು. ಕೋಟೆಯೊಳಗಿನ ಊರಿನ ಮನೆಗೆ ಈ ಅನುಕೂಲವಿಲ್ಲ. ದೇವರ ಸೇವೆಗೆ ಮೀಸಲಾದ ಲೇವಿ ಕುಲದವರ ಮನೆ ಬಿಟ್ಟು ಉಳಿದದ್ದನ್ನು ಒಂದು ವರ್ಷದೊಳಗೆ ಬಿಡಿಸದಿದ್ದರೆ ಅದು ಕೊಂಡವನಿಗೇ ಕಾಯಂ.

ಕಾನೂನು ನಡೆಯುತ್ತಿದ್ದ ಬಗೆಯನ್ನು ರೂತಳ ಗ್ರಂಥದ 4ನೇ ಅಧ್ಯಾಯದಲ್ಲಿ ನೋಡಬಹುದು. ರೂತಳ ಸತ್ತ ಗಂಡನ ಮನೆಯ ಹೊಲವನ್ನು ಬಿಡಿಸುವೆಯಾ ಎಂದು ಆ ಮನೆಯ ಬಂಧುವಾದ ಬೋವಜನು, ಬೆತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ತನಗಿಂತ ಹತ್ತಿರದ ಬಂಧುವನ್ನು ಕೇಳುತ್ತಾನೆ. ಹೊಲ ಎಂದಾಗ ಆತ ಒಪ್ಪುತ್ತಾನೆ. ಹೊಲದ ಜೊತೆಗೆ ವಿಧವೆ ರೂತಳ ಹೊಣೆಯೂ ಇದೆ ಎಂದಾಗ, ನನ್ನ ಸ್ವಂತ ಆಸ್ತಿಗೆ ನಷ್ಟವಾದೀತು ಎಂದು ಅಂದಿನ ರೂಢಿಯಂತೆ ಕೆರ ಕಳಚಿ ಕೊಟ್ಟು ಹಕ್ಕು ಬಿಡುತ್ತಾನೆ. ಬಿಡಿಸುವವನಿಗೆ ರಕ್ತಸಂಬಂಧವಿದ್ದರೆ ಸಾಲದು, ತೆರುವ ಶಕ್ತಿ ಬೇಕು, ಅದಕ್ಕಿಂತ ಹೆಚ್ಚಾಗಿ ತೆರುವ ಮನಸ್ಸು ಬೇಕು.

ಹೊಸ ಒಡಂಬಡಿಕೆ ಯೇಸುವಿನಲ್ಲಿ ಈ ಮೂರನ್ನೂ ಕಾಣುತ್ತದೆ. ಮರಣಭಯಕ್ಕೆ ದಾಸರಾದವರನ್ನು ಬಿಡಿಸಲೆಂದೇ ಆತನು ಅವರಂತೆ ರಕ್ತಮಾಂಸಧಾರಿಯಾದನು ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆ (2:14-15). ಅನೇಕರ ಬಿಡುಗಡೆಗಾಗಿ ಪ್ರಾಣವನ್ನೇ ಈಡಾಗಿ ಕೊಡಲು ಬಂದೆ ಎಂಬುದು ಯೇಸುವಿನದೇ ಮಾತು (ಮಾರ್ಕ 10:45). ಆ ಈಡು ಸಂದದ್ದು ಯಾರಿಗೆ? 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಸೈತಾನನಿಗೆ ಎಂದ. ಕಳ್ಳನಿಗೆ ಅಂಥ ಬೆಲೆಯೇ ಎಂದು 4ನೇ ಶತಮಾನದ ಬಿಷಪ್ ನಾಜಿಯಾನ್ಜಸಿನ ಗ್ರೆಗರಿ ಅದನ್ನು ಕಟುವಾಗಿ ತಳ್ಳಿಹಾಕಿದ. ಗ್ರೆಗರಿಯ ಮಾತೇ ಸರಿ. ಕೊಟ್ಟವನಾರು, ಕೊಟ್ಟದ್ದೇನು ಎಂಬುದನ್ನು ಬೈಬಲ್ ಮತ್ತೆಮತ್ತೆ ಹೇಳುತ್ತದೆ. ಪಡೆದವನ ಹೆಸರನ್ನು ಮಾತ್ರ ಎಲ್ಲೂ ಹೇಳುವುದಿಲ್ಲ.

ಬಿಡುಗಡೆಯಾದ ಮೇಲೆ ಎಡವುವುದು ಮುಖ್ಯವಾಗಿ ಎರಡು ಕಡೆ. ಗಲಾತ್ಯ ಸಭೆಯವರು ಸುನ್ನತಿ, ದಿನ, ಮಾಸಗಳ ಆಚರಣೆಯಿಂದ ದೇವರ ಮೆಚ್ಚುಗೆ ಗಳಿಸಲು ಹೊರಟರು. ಆಗಲೇ ತೆತ್ತಾಗಿರುವ ಬೆಲೆಯನ್ನು ಮತ್ತೆ ತೆರಲು ಹೋದಂತಾಯಿತು, ಅಂದರೆ ಮೊದಲು ಕೊಟ್ಟದ್ದು ಸಾಲಲಿಲ್ಲ ಎಂದಂತಾಯಿತು. ಅವರಿಗೆ ಪತ್ರ ಬರೆದ ಅಪೊಸ್ತಲ ಪೌಲನ ಸಿಟ್ಟಿಗೆ ಕಾರಣ ಇದೇ. ಮತ್ತೆ ನೊಗಕ್ಕೆ ಕೊರಳು ಕೊಡಬೇಡಿ ಎನ್ನುತ್ತಾನೆ (ಗಲಾತ್ಯ 5:1). ಅದೇ ಅಧ್ಯಾಯದ 13ನೇ ವಚನದಲ್ಲಿ ಎರಡನೆಯ ಎಚ್ಚರಿಕೆ: ಸ್ವಾತಂತ್ರ್ಯವನ್ನು ಶರೀರದಾಸೆಗೆ ನೆಪ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಒಡೆಯ ಬದಲಾಗಿದ್ದಾನೆ, ಒಡೆಯನೇ ಇಲ್ಲವೆಂದು ಪೌಲ ಎಂದೂ ಹೇಳಲಿಲ್ಲ.

ಕನ್ನಡದ ಓದುಗರಲ್ಲಿ ಹಲವರು ಈ ಪದವನ್ನು ಮೋಕ್ಷಕ್ಕೆ ಸಮೀಕರಿಸುತ್ತಾರೆ. ಇಲ್ಲಿ ಆತ್ಮವು ದೇಹವನ್ನು ಕಳಚಿ ಪಾರಾಗುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ (8:23) ಪೌಲ ಎದುರುನೋಡುವುದು ದೇಹಕ್ಕೇ ಆಗಬೇಕಾದ ವಿಮೋಚನೆಯನ್ನು. ಪಾಪದ ಹಿಡಿತ ಈಗಲೇ ಬಿಟ್ಟಿದೆ, ದೇಹದ ಪಾಲು ಇನ್ನೂ ಬರಬೇಕು.

ದೇಹದ ಸೆರೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅಕ್ಷರಶಃ ಹಿಡಿದವರೂ ಇದ್ದಾರೆ. 1198ರಲ್ಲಿ ಪೋಪರ ಒಪ್ಪಿಗೆ ಪಡೆದ ಟ್ರಿನಿಟೇರಿಯನ್ ಎಂಬ ಸನ್ಯಾಸಿಗಳ ಸಭೆ ತನ್ನ ಆದಾಯದಲ್ಲಿ ಮೂರನೆಯ ಒಂದು ಪಾಲನ್ನು ಸೆರೆಯಾಳುಗಳನ್ನು ಬಿಡಿಸಲು ಎತ್ತಿಡುತ್ತಿತ್ತು. 1218ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಮರ್ಸಿಡೇರಿಯನ್ ಸಭೆಯವರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ತೊಡುತ್ತಿದ್ದರು: ಅಗತ್ಯಬಿದ್ದರೆ ಸೆರೆಯವನ ಬದಲಿಗೆ ತಾವೇ ಒತ್ತೆಯಾಗಿ ನಿಲ್ಲುವುದು.