ಇಲ್ಲದ ಹುಲಿಯನ್ನು ಹೊಳೆ ದಾಟಿಸಿದ ಮಾಡೆಲ್

ಚಾಟ್‌ಜಿಪಿಟಿಯಂಥ ಎಐ ಮಾಡೆಲ್‌ಗಳಿಗೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಪ್ರಶ್ನೆ ಬರೆಯಬೇಕು, ಉತ್ತರ ತಿದ್ದಬೇಕು, ಎಲ್ಲಿ ಎಡವಿತು ಅಂತ ಗುರುತು ಹಾಕಬೇಕು. ಒಂಥರಾ ಮೇಷ್ಟ್ರ ಕೆಲಸವೇ.

ಎರಡು ವರ್ಷದ ಹಿಂದೆ ಒಂದು ಮಾಡೆಲ್‌ಗೆ ನಮ್ಮ ಹಳೇ ಹುಲಿ, ಹಸು, ಹುಲ್ಲಿನ ಒಗಟನ್ನು ತಿರುಚಿ ಕೊಟ್ಟೆ. ರೈತನ ಹತ್ತಿರ ಹಸು ಒಂದೇ ಇದೆ. ದೋಣಿಯಲ್ಲಿ ಇಬ್ಬರಿಗೂ ಜಾಗವಿದೆ. ಹೊಳೆಯನ್ನು ಎಷ್ಟು ಸಲ ದಾಟಬೇಕು? ಹುಲಿಯ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಮಾಡೆಲ್ "ಏಳು ಸಲ" ಅಂದಿತು. ಹುಲಿಯನ್ನು ಎಲ್ಲಿಂದಲೋ ಹಿಡಿದು ತಂದು, ಆಚೆ ದಡಕ್ಕೆ ಬಿಟ್ಟು, ಹಸುವನ್ನು ವಾಪಸ್ ಕರೆತಂದಿತ್ತು. ವಿವರಣೆ ಮಾತ್ರ ಬಹಳ ಅಚ್ಚುಕಟ್ಟು.

ಈಗಿನ ಮಾಡೆಲ್‌ಗಳು ಈ ಪ್ರಶ್ನೆಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಅವು ಯೋಚಿಸಿ ಗೆದ್ದವೋ, ಇಂಥ ತಿರುಚಿದ ಒಗಟುಗಳೂ ಇಂಟರ್‌ನೆಟ್ ತುಂಬಾ ಹರಡಿರುವುದರಿಂದ ಗೆದ್ದವೋ? ಮದುವೆ ಊಟದ ಸಾಲಿನಲ್ಲಿ ಪಕ್ಕ ಕೂತವರು "ಎಜಿಐ ಯಾವಾಗ ಬರುತ್ತೆ ಸಾರ್?" ಅಂತ ಕೇಳಿದಾಗಲೆಲ್ಲ ನನಗೆ ಈ ಹುಲಿಯೇ ನೆನಪಾಗುತ್ತದೆ. ಎಜಿಐ ಅಂದರೆ ಒಂದೇ ಕೆಲಸಕ್ಕೆ ಸೀಮಿತವಾಗದೆ, ಮನುಷ್ಯರಂತೆ ಯಾವ ಹೊಸ ಕೆಲಸವನ್ನಾದರೂ ಕಲಿತು ಮಾಡಬಲ್ಲ ಯಂತ್ರಬುದ್ಧಿ. ಅದು ಬಂದರೂ, ಬಂದಿದೆ ಅಂತ ನಮಗೆ ಗೊತ್ತಾಗುವುದು ಹೇಗೆ?

2016ರಲ್ಲಿ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರ್ ಎರಡೆರಡು ಸಲ ಲೀಕ್ ಆಗಿದ್ದು ನೆನಪಿದೆಯಾ? ನಮ್ಮ ಕಸುಬಿನಲ್ಲಿ ಅದು ದಿನನಿತ್ಯದ ತಲೆನೋವು. ಒಂದು ಪ್ರಶ್ನೆಪತ್ರಿಕೆ ಇಂಟರ್‌ನೆಟ್‌ಗೆ ಬಿತ್ತೆಂದರೆ ಮುಂದಿನ ಮಾಡೆಲ್ ಅದನ್ನು ಓದಿಕೊಂಡೇ ಬಂದಿರುತ್ತದೆ. ಯಾರೂ ಬೇಕಂತ ಮೋಸ ಮಾಡಬೇಕಿಲ್ಲ. ಸಿಕ್ಕಿದ್ದನ್ನೆಲ್ಲ ಓದಿಸುವಾಗ ಇದೂ ಸೇರಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಬಂದ 90 ಅಂಕ ಬುದ್ಧಿಯದ್ದೋ ಬಾಯಿಪಾಠದ್ದೋ ಹೇಳುವುದು ಕಷ್ಟ.

ಅಳತೆಗೋಲು ತಪ್ಪುವುದು ಹೊಸದೇನಲ್ಲ. ಚೆಸ್ ಆಡಿದರೆ ಯಂತ್ರಕ್ಕೆ ಬುದ್ಧಿ ಬಂದಂತೆ ಅಂತ ಒಂದು ಕಾಲದಲ್ಲಿ ಅಂದುಕೊಂಡಿದ್ದರು. 1997ರಲ್ಲಿ ಡೀಪ್ ಬ್ಲೂ ಅನ್ನುವ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಚೌಕಾಬಾರ ಆಡು ಅಂದಿದ್ದರೆ ಸುಮ್ನೆ ಕೂತಿರುತ್ತಿತ್ತು. 20 ವರ್ಷದಲ್ಲಿ ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರ ಮಾಡುತ್ತದೆ ಅಂತ ಎಐ ಸಂಶೋಧಕ ಹರ್ಬರ್ಟ್ ಸೈಮನ್ ಹೇಳಿದ್ದು 1965ರಲ್ಲಿ. ಆಮೇಲೆ ನೊಬೆಲ್ ಪಡೆದ ಮನುಷ್ಯ ಅವರು. ಭವಿಷ್ಯ ಹೇಳಲು ನಾನು ಹೆದರುವುದು ಅದಕ್ಕೇ.

ಬಾಯಿಪಾಠ ಮಾಡಲಾಗದ ಪರೀಕ್ಷೆ ಬರೆಯಲು ಗಟ್ಟಿಯಾಗಿ ಯತ್ನಿಸಿದವರು ಎಐ ಸಂಶೋಧಕ ಫ್ರಾನ್ಸ್ವಾ ಶೋಲೆ. 2019ರಲ್ಲಿ ಅವರು ತಂದ ಪರೀಕ್ಷೆಗೆ ಈಗ ಆರ್ಕ್-ಎಜಿಐ ಎನ್ನುತ್ತಾರೆ. ಅದರಲ್ಲಿ ಭಾಷೆ ಇಲ್ಲ, ಸಾಮಾನ್ಯ ಜ್ಞಾನ ಇಲ್ಲ. ಬಣ್ಣದ ಚೌಕಗಳು ಮಾತ್ರ. ಮೂರ್ನಾಲ್ಕು ಉದಾಹರಣೆ ಕೊಡುತ್ತಾರೆ: ಈ ಚಿತ್ರ ಹೀಗೆ ಬದಲಾಯಿತು, ಆ ಚಿತ್ರ ಹಾಗೆ. ನಿಯಮ ಏನೆಂದು ನೀವೇ ಊಹಿಸಿ ಹೊಸ ಚಿತ್ರಕ್ಕೆ ಹಚ್ಚಬೇಕು. ಒಂದೊಂದು ಪ್ರಶ್ನೆಗೂ ಬೇರೆ ನಿಯಮ. ಸ್ಕೂಲಿಗೆ ಹೋಗುವ ಮಕ್ಕಳೂ ಎಷ್ಟೋ ಪ್ರಶ್ನೆ ಬಿಡಿಸುತ್ತಾರೆ. 2020ರಲ್ಲಿ ಎಲ್ಲರನ್ನೂ ಬೆರಗಾಗಿಸಿದ ಜಿಪಿಟಿ-3 ಮಾಡೆಲ್‌ಗೆ ಸಿಕ್ಕಿದ್ದು ಸೊನ್ನೆ.

ನಾಲ್ಕು ವರ್ಷ ಮಾಡೆಲ್‌ಗಳು ಎಷ್ಟೇ ದೊಡ್ಡದಾದರೂ ಇಲ್ಲಿ ಮುಂದೆ ಹೋಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಓ3 ಮಾಡೆಲ್ ಒಮ್ಮೆಲೇ 75.7 ಶೇಕಡಾ ತೆಗೆಯಿತು. 172 ಪಟ್ಟು ಜಾಸ್ತಿ ಕಂಪ್ಯೂಟರ್ ಶಕ್ತಿ ಸುರಿದಾಗ ಅದು 87.5ಕ್ಕೆ ಏರಿತು. ಆ ಹೊತ್ತಿನಲ್ಲಿ ನನಗೂ ಒಂದು ಕ್ಷಣ ದಂಗುಬಡಿಯಿತು. ಉತ್ತರ ಹೇಳುವ ಮುಂಚೆ ಹಾಳೆಯ ಅಂಚಿನಲ್ಲಿ ಲೆಕ್ಕ ಮಾಡಿದಂತೆ, ಹಂತ ಹಂತವಾಗಿ ಯೋಚಿಸಲು ಕಲಿಸಿದ್ದರಿಂದ ಆದ ಬದಲಾವಣೆ ಅದು. ಆದರೆ 12 ಶೇಕಡಾಕ್ಕೆ 172 ಪಟ್ಟು! ಮಗು ಅದೇ ಚಿತ್ರವನ್ನು ಉಪ್ಪಿಟ್ಟು ತಿನ್ನುತ್ತಾ ಬಿಡಿಸುತ್ತದೆ.

2025ರ ಮಾರ್ಚ್‌ನಲ್ಲಿ ಎರಡನೇ ಪ್ರಶ್ನೆಪತ್ರಿಕೆ ಬಂತು. ಪ್ರತಿ ಪ್ರಶ್ನೆಯನ್ನೂ ಕನಿಷ್ಠ ಇಬ್ಬರು ಮನುಷ್ಯರು ಬಿಡಿಸಿದ್ದರು. ಮಾಡೆಲ್‌ಗಳ ಅಂಕ ಮತ್ತೆ ಒಂದಂಕಿಗೆ ಕುಸಿಯಿತು. ವರ್ಷ ಮುಗಿಯುವಷ್ಟರಲ್ಲಿ ಅರ್ಧದ ಆಸುಪಾಸಿಗೆ ಬಂದವು. ಹೊಸ ಪೇಪರ್, ಕುಸಿತ, ಮತ್ತೆ ಏರಿಕೆ. ಸದ್ಯಕ್ಕೆ ಸಂಶೋಧನೆ ನಡೆಯುತ್ತಿರುವುದು ಈ ಲಯದಲ್ಲಿ.

ಲೀಕ್ ಆಗದ ಪೇಪರ್‌ನಲ್ಲೂ ಇವು ಗೆದ್ದಿವೆ ಅನ್ನುವುದನ್ನು ಮುಚ್ಚಿಡಬಾರದು. 2025ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಗೂಗಲ್ ಡೀಪ್‌ಮೈಂಡ್‌ನ ಮಾಡೆಲ್ ಆರರಲ್ಲಿ ಐದು ಪ್ರಶ್ನೆ ಬಿಡಿಸಿ, 42ಕ್ಕೆ 35 ಅಂಕ ಪಡೆದು ಚಿನ್ನದ ಮಟ್ಟ ಮುಟ್ಟಿತು. ಪ್ರಶ್ನೆಗಳು ಹೊಚ್ಚಹೊಸವು. ಹಾಗಿದ್ದರೆ ಇನ್ನೇನು ಬೇಕು, ಅಲ್ವಾ?

ಬೇಕಾಗಿರುವುದು ಕೀ ಆನ್ಸರ್ ಇಲ್ಲದ ಕಡೆ ಕಲಿಯುವ ಶಕ್ತಿ. ಗಣಿತ, ಕೋಡಿಂಗ್‌ನಲ್ಲಿ ಉತ್ತರ ಸರಿಯೋ ತಪ್ಪೋ ಯಂತ್ರವೇ ಪರೀಕ್ಷಿಸಬಹುದು. ಲಕ್ಷಾಂತರ ಸಲ ಯತ್ನಿಸು, ಸರಿಯಾದಾಗ ಬೆನ್ನು ತಟ್ಟು, ಮಾಡೆಲ್ ಸುಧಾರಿಸುತ್ತದೆ. ಆದರೆ ಮನೆ ಭಾಗದ ಜಗಳ ಬಿಡಿಸುವುದಕ್ಕೆ, ಹೊಸ ಸಂಶೋಧನೆಗೆ ಒಳ್ಳೆಯ ಪ್ರಶ್ನೆ ಹುಡುಕುವುದಕ್ಕೆ ಕೀ ಆನ್ಸರ್ ಎಲ್ಲಿದೆ? ಓದಿಸಲು ಹೊಸ ಬರಹವೂ ಬೇಕಾದಷ್ಟಿಲ್ಲ. ಇಂಟರ್‌ನೆಟ್ ಇರುವುದು ಒಂದೇ ಅಂತ ಓಪನ್‌ಎಐ ಕಟ್ಟಿದವರಲ್ಲಿ ಒಬ್ಬರಾದ ಇಲ್ಯಾ ಸುಟ್ಸ್‌ಕೆವರ್ 2024ರ ಕೊನೆಯಲ್ಲೇ ಎಚ್ಚರಿಸಿದ್ದರು.

ಇನ್ನೊಂದು ಕೊರತೆ ನನಗೆ ದಿನಾ ಕಾಣುತ್ತದೆ. ದರ್ಶಿನಿಗೆ ಹೊಸದಾಗಿ ಸೇರಿದ ಹುಡುಗ ವಾರದಲ್ಲಿ ಯಾರಿಗೆ ಸ್ಟ್ರಾಂಗ್ ಕಾಫಿ, ಯಾರಿಗೆ ಸಕ್ಕರೆ ಕಮ್ಮಿ ಅಂತ ಕಲಿತಿರುತ್ತಾನೆ. ಮಾಡೆಲ್‌ನ ಕಲಿಕೆ ತರಬೇತಿ ಮುಗಿದ ದಿನಕ್ಕೆ ನಿಲ್ಲುತ್ತದೆ. ಹೇಳಿದ್ದನ್ನು ಬರೆದಿಟ್ಟುಕೊಂಡು ಮತ್ತೆ ಓದಿಕೊಳ್ಳುವ ಏರ್ಪಾಡುಗಳಿವೆ, ಆದರೆ ಅದು ಚೀಟಿ ನೋಡಿಕೊಂಡು ಕೆಲಸ ಮಾಡಿದಂತೆ. ಕೈ ಪಳಗುವುದಿಲ್ಲ.

ಉದ್ದದ ಕೆಲಸದ ಲೆಕ್ಕವನ್ನೂ ನೋಡಿ. ಒಂದು ಹೆಜ್ಜೆಯಲ್ಲಿ 99 ಶೇಕಡಾ ಸರಿ ಅಂದುಕೊಳ್ಳಿ. ಅಂಥ 100 ಹೆಜ್ಜೆಯ ಕೆಲಸ ಪೂರ್ತಿ ಸರಿಯಾಗುವ ಸಾಧ್ಯತೆ ಸುಮಾರು 37 ಶೇಕಡಾ ಮಾತ್ರ. ಮಾಡೆಲ್ ಮಾಡಬಲ್ಲ ಕೆಲಸದ ಉದ್ದ ಸುಮಾರು ಏಳು ತಿಂಗಳಿಗೊಮ್ಮೆ ಎರಡು ಪಟ್ಟಾಗುತ್ತಿದೆ ಅಂತ ಎಐ ಮಾಡೆಲ್‌ಗಳನ್ನು ಅಳೆಯುವ ಮೆಟರ್ ಸಂಸ್ಥೆ 2025ರಲ್ಲಿ ಹೇಳಿತು. ಆಗ ಮುಂದಿದ್ದ ಮಾಡೆಲ್, ಮನುಷ್ಯರಿಗೆ ಒಂದು ಗಂಟೆ ಹಿಡಿಯುವ ಸಾಫ್ಟ್‌ವೇರ್ ಕೆಲಸವನ್ನು ಮಾಡುತ್ತಿತ್ತು. ಅದೂ ಎರಡು ಸಲ ಯತ್ನಿಸಿದರೆ ಒಂದು ಸಲ ಮಾತ್ರ. ಐದಕ್ಕೆ ನಾಲ್ಕು ಸಲ ಸರಿಯಾಗಬೇಕು ಅಂದರೆ ಆ ಒಂದು ಗಂಟೆ ಕಾಲು ಗಂಟೆಗೆ ಇಳಿಯುತ್ತಿತ್ತು. ಎಜಿಐ ಭರವಸೆ ಕೊಡುವವರು ಮೊದಲ ಅಂಕಿ ತೋರಿಸುತ್ತಾರೆ. ನಾನು ಎರಡನೆಯದನ್ನು ನೋಡುತ್ತೇನೆ.

ನನ್ನ ಅಂದಾಜು ಇಷ್ಟು. ಕೀ ಆನ್ಸರ್ ಇರುವ ಕೆಲಸಗಳಲ್ಲಿ ಇವು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಮುಂದೆ ಹೋಗುತ್ತವೆ. ಉಳಿದ ಕಡೆ, ಈಗಿನ ದಾರಿಯಲ್ಲೇ ದೊಡ್ಡದು ಮಾಡುತ್ತಾ ಹೋದರೆ ಸಾಲದು. ಕೆಲಸ ಮಾಡುತ್ತಲೇ ಕಲಿಯುವ ಹೊಸ ವಿಧಾನವೊಂದು ಬೇಕು. ಅದು ಯಾರ ಕೈಯಲ್ಲಿ, ಯಾವ ವರ್ಷ ಸಿಗುತ್ತದೋ ಹೇಳಲಾಗದು.

ಎಜಿಐ ಬಂತು ಅಂತ ಘೋಷಿಸುವುದರ ಹಿಂದೆ ದೊಡ್ಡ ದುಡ್ಡೂ ಇದೆ. ಓಪನ್‌ಎಐ ಹಾಗೆ ಘೋಷಿಸಿದರೆ ಸ್ವತಂತ್ರ ತಜ್ಞರ ಸಮಿತಿ ಅದನ್ನು ಪರಿಶೀಲಿಸಬೇಕು ಅಂತ, ಅದರಲ್ಲಿ ದುಡ್ಡು ಹಾಕಿರುವ ಮೈಕ್ರೋಸಾಫ್ಟ್ ಜತೆಗಿನ ಒಪ್ಪಂದದಲ್ಲಿ 2025ರ ಅಕ್ಟೋಬರ್‌ನಲ್ಲಿ ಸೇರಿಸಿದರು. ಆ ಸಮಿತಿಗೂ ಒಂದು ಲೀಕ್ ಆಗದ ಪೇಪರ್ ಬೇಕಾಗುತ್ತದೆ.

ಅಂದ ಹಾಗೆ, ಹಸು ಮತ್ತು ದೋಣಿಯ ಪ್ರಶ್ನೆಯನ್ನು ಇವತ್ತು ನನ್ನ ಪಟ್ಟಿಯಿಂದ ತೆಗೆದೆ. ಇಲ್ಲಿ ಬರೆದ ಮೇಲೆ ಅದೂ ಲೀಕ್ ಆದ ಲೆಕ್ಕವೇ.