ಬೆಂಗಳೂರಿನ ಗುಡಿಗಳ ವಯಸ್ಸು ಗೋಪುರದಲ್ಲಿಲ್ಲ

ಹೊಸೂರು ರಸ್ತೆಯ ಗದ್ದಲ ದಾಟಿ ಸ್ವಲ್ಪ ಒಳಗೆ ಬಂದರೆ ಮಡಿವಾಳದ ಸೋಮೇಶ್ವರ ಗುಡಿ ಸಿಗುತ್ತದೆ. ಕೈಮುಗಿದು, ತೀರ್ಥ ತಗೊಂಡು ಹೊರಡುವವರಿಗೆ ಅದು ಊರೊಳಗಿನ ಇನ್ನೊಂದು ಈಶ್ವರನ ಗುಡಿ, ಅಷ್ಟೇ. ಪ್ರದಕ್ಷಿಣೆ ಹಾಕುವಾಗ ಹೊರಗೋಡೆಯ ಪಕ್ಕ ನಿಂತು ನೋಡಿದರೆ ಮಾತ್ರ ಕಲ್ಲಿನ ಮೇಲೆ ತಮಿಳು ಮತ್ತು ಗ್ರಂಥ ಲಿಪಿಯ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ) ಸಾಲುಗಳು ಕಾಣುತ್ತವೆ. ಅವುಗಳಲ್ಲಿ 1247ರ ಒಂದು ಶಾಸನ 'ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ' ಜಮೀನನ್ನು ದೇವರಿಗೆ ಬಿಟ್ಟ ವಿಷಯ ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ 290 ವರ್ಷ ಮೊದಲಿನ ಮಾತು ಇದು.

ಬೆಂಗಳೂರಿನ ದೇವಸ್ಥಾನಗಳದ್ದು ಯಾವ ಶೈಲಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 'ದ್ರಾವಿಡ'. ತಪ್ಪಲ್ಲ. ಆದರೆ ಈ ಉತ್ತರ ಕೊಡುವವರು ಗೋಪುರ ನೋಡಿ ಹೇಳುತ್ತಾರೆ. ಈ ಊರಲ್ಲಿ ಗುಡಿಯ ನಿಜವಾದ ವಯಸ್ಸು ತಿಳಿಯಬೇಕಾದರೆ ಕತ್ತು ಎತ್ತಬಾರದು, ಸೊಂಟ ಬಗ್ಗಿಸಬೇಕು. ಗೋಡೆಯ ಕೆಳಗಿನ ಪೀಠದ ಭಾಗಕ್ಕೆ, ಅಂದರೆ ಅಧಿಷ್ಠಾನಕ್ಕೆ, ಕಣ್ಣು ಕೊಡಬೇಕು. ಕಾರಣ ಸರಳ. ಗರ್ಭಗುಡಿ, ಗೋಡೆ, ಕಂಬ ಎಲ್ಲ ಕಲ್ಲಿನವು. ಮಹಾದ್ವಾರದ ಗೋಪುರವೋ, ಕೆಳಗಿನ ಅಂತಸ್ತು ಕಲ್ಲಿನದಾದರೂ ಮೇಲಿನದು ಇಟ್ಟಿಗೆ ಮತ್ತು ಗಾರೆ. ಮಳೆ ಬಿಸಿಲಿಗೆ ಗಾರೆ ಉದುರುತ್ತದೆ, ಸಂದಿಯಲ್ಲಿ ಅರಳಿ ಗಿಡ ಬೇರು ಬಿಡುತ್ತದೆ. ಹಾಗಾಗಿ ಕೆಲವು ತಲೆಮಾರಿಗೊಮ್ಮೆ ಗೋಪುರ ಹೊಸದಾಗುತ್ತದೆ. ಸಾವಿರ ವರ್ಷದ ಪಾದದ ಮೇಲೆ ನಲವತ್ತು ವರ್ಷದ ತಲೆ ಕೂತಿರುವುದು ಇಲ್ಲಿ ಅಪರೂಪವಲ್ಲ.

ಬೇಗೂರಿನಿಂದ ಶುರು ಮಾಡೋಣ. ಅಲ್ಲಿನ ಪಂಚಲಿಂಗೇಶ್ವರ ಗುಡಿಯ ಹಳೆಯ ಭಾಗಗಳು ಗಂಗರ ಕಾಲದವು. ಒಂಬತ್ತನೇ ಶತಮಾನದ ಕೊನೆಯಲ್ಲಿ ಈ ಸೀಮೆಯನ್ನು ಆಳುತ್ತಿದ್ದವನು ನಾಗತ್ತರ. 'ಬೆಂಗಳೂರು' ಎಂಬ ಹೆಸರು ಮೊದಲ ಬಾರಿಗೆ ಕಾಣುವುದು ಇದೇ ಗುಡಿಯ ಆವರಣದ ಶಾಸನದಲ್ಲಿ, ಒಂದು ಕಾಳಗದ ನೆನಪಾಗಿ. ಇನ್ನೊಂದು ವೀರಗಲ್ಲು, ಆನೆ ಕುದುರೆ ಕಾಲಾಳುಗಳಿಂದ ಕಿಕ್ಕಿರಿದದ್ದು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿಗೆ ಹೋದವರು ನಗರೇಶ್ವರನ ಗುಡಿಯ ಒಳಛಾವಣಿಯನ್ನು ತಪ್ಪದೆ ನೋಡಬೇಕು. ಒಂಬತ್ತು ಚೌಕ, ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಕೆತ್ತನೆಯಲ್ಲಿ ಆಡಂಬರವಿಲ್ಲ, ಆಕೃತಿಗಳು ದುಂಡಗೆ, ಮೆತ್ತಗೆ. ಗಟ್ಟಿ ಕಲ್ಲಿನಿಂದ ಇಂಥ ಮೆದುತನ ಹೊರತೆಗೆದ ಕೈ ಎಂಥದಿರಬೇಕು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಹನ್ನೊಂದನೇ ಶತಮಾನದ ಆರಂಭಕ್ಕೆ ಗಂಗರ ತಲಕಾಡು ಚೋಳರ ಪಾಲಾಯಿತು. ಈ ಭಾಗದ ಗುಡಿಗಳಲ್ಲಿ ತಮಿಳು ಶಾಸನಗಳು ತುಂಬಿದ್ದು ಆಮೇಲೆ. ಶಾಸನಗಳಲ್ಲಿ ದೊಮ್ಮಲೂರು 'ತೊಂಬಲೂರು' ಆಗಿದೆ, ಅಲ್ಲಿನ ದೇವರು ಚೊಕ್ಕಪ್ಪೆರುಮಾಳ್. ಇಂದಿನ ಚೊಕ್ಕನಾಥಸ್ವಾಮಿ ಅವನೇ. ಚೋಳರು ಹೋಗಿ ಹೊಯ್ಸಳರು ಬಂದ ಮೇಲೂ ಇಲ್ಲಿನ ದಾನಶಾಸನಗಳು ತಮಿಳಿನಲ್ಲೇ ಮುಂದುವರಿದವು. ದೊರೆ ಬದಲಾದ ಮಾತ್ರಕ್ಕೆ ಊರಿನ ಭಾಷೆಯೂ ಕಲ್ಲುಕುಟಿಗರ ರೂಢಿಯೂ ಬದಲಾಗಲಿಲ್ಲ.

ಹೊಯ್ಸಳರು ಆಳಿದರೂ ಬೆಂಗಳೂರಲ್ಲಿ ಬೇಲೂರಿನಂಥ ಒಂದು ಗುಡಿಯೂ ಏಕಿಲ್ಲ? ಉತ್ತರದ ದೊಡ್ಡ ಪಾಲು ನಮ್ಮ ಕಾಲ ಕೆಳಗೇ ಇದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಒಡವೆಯ ಒಂದೊಂದು ಎಳೆಯನ್ನೂ ಅದರಲ್ಲಿ ಬಿಡಿಸಬಹುದು. ಬೆಂಗಳೂರಿನ ನೆಲದಲ್ಲಿರುವುದು ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ಉಳಿಗೆ ಸುಲಭಕ್ಕೆ ಬಗ್ಗದ್ದು. ಈ ಕಲ್ಲಿನಲ್ಲಿ ಕೆಲಸ ಮಾಡಿದವರು ನುಣುಪಾದ ಗೋಡೆ, ನೇರ ಗೆರೆ, ದಪ್ಪ ಉಬ್ಬುಗಳಿಗೆ ಒಗ್ಗಿಕೊಂಡರು. ಸರಳತೆಯನ್ನು ಬಡತನ ಎಂದು ತಿಳಿಯಬಾರದು. ಕಲ್ಲಿನ ಗುಣ ಅರಿತು ಮಾಡಿದ ಕೆಲಸ ಅದು.

ಈ ಗಟ್ಟಿ ಕಲ್ಲಿನಲ್ಲೇ ದೊಡ್ಡದಾಗಿ, ಧಾರಾಳವಾಗಿ ಕಟ್ಟಿದ್ದು ವಿಜಯನಗರದ ಕಾಲದಲ್ಲಿ. ಹಲಸೂರಿನ ಸೋಮೇಶ್ವರ ಗುಡಿಯಲ್ಲಿ ಒಂದು ಬೆಳಗ್ಗೆ ಪೂರ್ತಿ ಕಳೆದರೂ ಸಾಲದು. ಮೂಲ ಇನ್ನೂ ಹಳೆಯದಾದರೂ ಇಂದು ಕಾಣುವ ವಿಸ್ತಾರಕ್ಕೆ ಕೆಂಪೇಗೌಡರ ವಂಶದ ಹೆಸರು ಅಂಟಿಕೊಂಡಿದೆ. ತೆರೆದ ಮಂಟಪದಲ್ಲಿ 48 ಕಂಬಗಳು. ಕಂಬದ ಮೇಲೆ ತೊಲೆ ಹೊರುವ ಬೋದಿಗೆಯನ್ನು ಗಮನಿಸಿ: ಅದರ ತುದಿಯಿಂದ ತಾವರೆ ಮೊಗ್ಗು ಕೆಳಮುಖವಾಗಿ ಇಳಿಬಿದ್ದಿದ್ದರೆ ಅದು ಪುಷ್ಪಬೋದಿಗೆ, ವಿಜಯನಗರ ಕಾಲದ ಗುರುತು. ಚೋಳರ ಬೋದಿಗೆಯಲ್ಲಿ ಈ ಮೊಗ್ಗಿಲ್ಲ, ಓರೆಯಾಗಿ ಕಡಿದ ಮುಖವಷ್ಟೇ. ಹಲಸೂರಿನ ಗೋಡೆಗಳ ಮೇಲೆ ಕೈಲಾಸ ಎತ್ತುವ ರಾವಣ, ಮಹಿಷನನ್ನು ಮೆಟ್ಟಿದ ದುರ್ಗೆ, ಗಿರಿಜಾಕಲ್ಯಾಣ, ಶಿವಶರಣರಾದ ನಾಯನ್ಮಾರರ ಸಾಲು ಇವೆ. ಇದೇ ಗುಡಿಯ ಎದುರಿನ ಕಲ್ಯಾಣಿ ಮಣ್ಣಿನಡಿ ಹೂತುಹೋಗಿತ್ತು. ಅಗೆದು ಹೊರತೆಗೆದದ್ದು ಈ ಶತಮಾನದಲ್ಲಿ.

ಬಸವನಗುಡಿಯ ದೊಡ್ಡ ಬಸವ, ಗವಿಪುರದ ಗಂಗಾಧರೇಶ್ವರ ಇವೆರಡೂ ಬಂಡೆಯನ್ನೇ ಗುಡಿ ಮಾಡಿದ ಕೆಲಸಗಳು. ಬಸವಣ್ಣ ಸುಮಾರು 15 ಅಡಿ ಎತ್ತರದ ಒಂದೇ ಕಲ್ಲು. ಅವನ ಮೇಲಿರುವ ಗೋಪುರ ಮಾತ್ರ ಇಪ್ಪತ್ತನೇ ಶತಮಾನದ ಆರಂಭದ್ದು. ಕಡಲೆಕಾಯಿ ಪರಿಷೆಗೆ ಬರುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ. ಗವಿಪುರದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾಯ್ದ ಬೆಳಕು ಲಿಂಗದ ಮೇಲೆ ಬೀಳುತ್ತದೆ. ಅಂಗಳದ ಸೂರ್ಯಪಾನ, ಚಂದ್ರಪಾನಗಳು, ಕಂಬದ ಮೇಲೆ ನಿಂತ ಆ ಭಾರಿ ಕಲ್ಲಿನ ಬಿಲ್ಲೆಗಳು, ಬೆಂಗಳೂರಿನ ಬೇರಾವ ಗುಡಿಯಲ್ಲೂ ನಾನು ಕಂಡಿಲ್ಲ.

ಹದಿನೇಳನೇ ಶತಮಾನದಲ್ಲಿ ಬೆಂಗಳೂರನ್ನು ಆಳುವವರು ಬದಲಾಗುತ್ತಲೇ ಹೋದರು. ಶಿವಾಜಿಯ ಮಲಸಹೋದರ ವೆಂಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ಮಲ್ಲಪುರದ ಮಲ್ಲಿಕಾರ್ಜುನನಿಗೆ ಬಿಟ್ಟುಕೊಟ್ಟ ಶಾಸನ ಕಾಡು ಮಲ್ಲೇಶ್ವರದ ಜತೆ ಸೇರಿದೆ. ಮಲ್ಲೇಶ್ವರಂ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ನಂತರ. ಹದಿನೇಳನೇ ಶತಮಾನದ ಕೊನೆಗೆ ಮೊಗಲರಿಂದ ಮೂರು ಲಕ್ಷಕ್ಕೆ ಬೆಂಗಳೂರನ್ನು ಪಡೆದ ಚಿಕ್ಕದೇವರಾಜ ಒಡೆಯರು ಕೋಟೆಯೊಳಗೆ ವೆಂಕಟರಮಣನ ಗುಡಿ ಕಟ್ಟಿಸಿದರು. ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಮರದ ಕಂಬದ ಅರಮನೆ, ಕಲ್ಲಿನ ಕಂಬದ ಗುಡಿ ಎರಡನ್ನೂ ಒಂದೇ ನಡಿಗೆಯಲ್ಲಿ ನೋಡಿದರೆ ಆ ನೂರು ವರ್ಷದ ಅಂತರ ಕಣ್ಣಿಗೇ ತಿಳಿಯುತ್ತದೆ.

ಆಮೇಲಿನ ಕಥೆ ಸಿಮೆಂಟಿನದು. ಊರು ಬೆಳೆದಂತೆ ಬಂದವರು ತಮ್ಮ ಊರಿನ ದೇವರನ್ನೂ, ದೇವರ ಮನೆಯ ಆಕಾರವನ್ನೂ ತಂದರು. ಜಾಲಹಳ್ಳಿಯಲ್ಲಿ ಕೇರಳದ ಇಳಿಜಾರು ಮಾಡಿನ ಅಯ್ಯಪ್ಪ, ಅಗರದ ಬಳಿ ಒಡಿಶಾದ ಬಾಗಿದ ಶಿಖರದ ಜಗನ್ನಾಥ. 1997ರಲ್ಲಿ ಉದ್ಘಾಟನೆಯಾದ ಇಸ್ಕಾನ್ ಮಂದಿರ ಗೋಪುರ, ಗಾಜು ಎರಡನ್ನೂ ಬೆಸೆಯಿತು. ಇವಕ್ಕೆ ಅವವೇ ಭಕ್ತರು, ಅವವೇ ಸೊಗಸು. ಇವು ಹಳೆಯದನ್ನು ಮುಚ್ಚಿ ಎದ್ದ ಕಟ್ಟಡಗಳಲ್ಲ.

ನನಗೆ ಸಂಕಟವಾಗುವುದು ಹಳೆಯ ಗುಡಿಗಳ ಜೀರ್ಣೋದ್ಧಾರ ನೋಡಿದಾಗ. ಕಂಬಗಳಿಗೆ ಎಣ್ಣೆ ಬಣ್ಣ, ಗೋಡೆಗೆ ಹೊಳೆಯುವ ಗ್ರಾನೈಟ್ ಹಲಗೆ, ಪ್ರಾಕಾರಕ್ಕೆ ಟೈಲ್ಸ್. ಒಂದೊಂದು ಸಲ ನೆಲ ಎತ್ತರಿಸಿದಾಗಲೂ ಅಧಿಷ್ಠಾನದ ಒಂದೊಂದು ಪಟ್ಟಿ ಒಳಗೆ ಹೋಗುತ್ತದೆ: ಮೊದಲು ಉಪಾನ, ಆಮೇಲೆ ಜಗತಿ, ಕೊನೆಗೆ ಕುಮುದ. ಶಾಸನಗಳು ಹೆಚ್ಚಾಗಿ ಇರುವುದೂ ಅಲ್ಲೇ. 1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ್ದರಿಂದ ಪಾಠವಾದರೂ ಉಳಿದಿದೆ. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಇದ್ದ ಜಾಗದಲ್ಲಿಲ್ಲ. ಮಾಡಬೇಕಾದ್ದು ದೊಡ್ಡದೇನಲ್ಲ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ನೆಲಹಾಸು ನಿಲ್ಲಿಸಿ, ನಡುವೆ ನೀರು ಹರಿಯಲು ಕಾಲುವೆ ಬಿಟ್ಟರೆ ಪಾದ ಕಾಣುತ್ತದೆ, ಮಳೆನೀರೂ ನಿಲ್ಲುವುದಿಲ್ಲ. ಬಣ್ಣ ಬೇಕಿದ್ದರೆ ಗಾರೆಯ ಗೋಪುರಕ್ಕೆ ಬಳಿಯಲಿ, ಕಲ್ಲಿಗೆ ಬೇಡ.

ಊರ ಅಂಚಿನ ಒಂದು ಹಳೆಯ ಗುಡಿಗೆ ಹೋದ ವರ್ಷ ಹೋಗಿದ್ದೆ. ಹಿಂದೊಮ್ಮೆ ಬಂದಾಗ ಅಲ್ಲಿನ ಕುಮುದದ ಅಂಚಿನ ಮೇಲೆ ಬೆರಳಾಡಿಸಿದ್ದ ನೆನಪು. ಈಗ ಹುಡುಕಿದರೆ ಗೋಡೆ ನೆಲದಿಂದಲೇ ಎದ್ದಿತ್ತು. ಅರ್ಚಕರನ್ನು ಕೇಳಿದೆ. 'ಮಳೆಗಾಲದಲ್ಲಿ ಕೆಸರಾಗ್ತಿತ್ತು ಸ್ವಾಮಿ, ಭಕ್ತರೊಬ್ಬರು ಟೈಲ್ಸ್ ಹಾಕಿಸಿಕೊಟ್ರು,' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ದಕ್ಷಿಣದ ಗೋಡೆಯ ಹತ್ತಿರ ಹೋದರು. 'ಇಲ್ಲೇ ಅಕ್ಷರ ಇದ್ದದ್ದು. ನಮ್ಮ ತಾತ ಬೆರಳಿಟ್ಟು ತೋರಿಸ್ತಿದ್ರು,' ಎಂದು ಬಿಳಿ ಟೈಲಿನ ಮೇಲೆ ಕಾಲ್ಬೆರಳು ಒತ್ತಿ ಜಾಗ ಗುರುತಿಸಿದರು.